ನುಂಗಿದ ಕೆಮ್ಮು

ನಮ್ಮ ಇಂಡಿ, ಸಿಂದಗಿ ಕಡೆ ಗಂಡಸಿನ ಕೆಮ್ಮಿಗೆ ಒಂದು ಗತ್ತುಂಟು ನೋಡಿ. ಹೊಸ್ತಿಲು ದಾಟುವ ಮೊದಲು ಯಜಮಾನ ಒಮ್ಮೆ ಕೆಮ್ಮಿದನೆಂದರೆ ಒಳಗಿನವರು ಸೆರಗು ಸರಿಪಡಿಸಿಕೊಳ್ಳಬೇಕು, ಚಹಾದ ನೀರು ಒಲೆಯೇರಬೇಕು. ಎಪ್ಪತ್ತರ ದಶಕದಲ್ಲಿ ಸಿಂದಗಿಯಲ್ಲಿ ಹೊಸದಾಗಿ ಮಾಸ್ತರನಾಗಿದ್ದ ನಾನೂ, ಜ್ಞಾನದಿಂದ ಹುಟ್ಟದ ಗಾಂಭೀರ್ಯವನ್ನು ಕೆಮ್ಮಿನಿಂದಲಾದರೂ ಹುಟ್ಟಿಸೋಣವೆಂದು ವರ್ಗದ ಬಾಗಿಲಲ್ಲಿ ತಪ್ಪದೆ ಕೆಮ್ಮುತ್ತಿದ್ದೆ. ಹುಡುಗರು ನೆಗಡಿಯೆಂದೇ ತಿಳಿದರು. ಹೆಂಗಸರ ಕೆಮ್ಮಿಗೆ ಮಾತ್ರ ಈ ಮರ್ಯಾದೆಯಿರಲಿಲ್ಲ. ಹಿರಿಯರೆದುರು ಬಂದ ಕೆಮ್ಮನ್ನು ಸೆರಗಿನಲ್ಲಿ ಅಡಗಿಸಿ, ಕಫವನ್ನು ನುಂಗಿಬಿಡುತ್ತಿದ್ದರು.

ಹೊರ್ತಿಯಲ್ಲಿದ್ದ ನನ್ನ ಚಿಗವ್ವ, ತಾಯಿಯ ತಂಗಿ, ಹೀಗೆ ನುಂಗುವುದರಲ್ಲಿ ಪಾರಂಗತೆ. ಆ ವರ್ಷ ಅವಳ ಮಗಳು ನಾಲತವಾಡದಿಂದ ಬಾಣಂತನಕ್ಕೆ ಬಂದಿದ್ದಳು. ಹೆಣ್ಣುಕೂಸು ಹಗಲೆಲ್ಲ ಅಜ್ಜಿಯ ಮಡಿಲಲ್ಲೇ. ಅಜ್ಜಿಯೋ ಸೊರಗುತ್ತಿದ್ದಳು, ಸಂಜೆಯಾದರೆ ಮೈ ಸುಡುತ್ತಿತ್ತು. ಕ್ಷಯವೇ ಆಗಿದ್ದರೆ ಕೂಸಿನ ಗತಿಯೇನೆಂದು ನನಗೆ ಭಯ. ಇಂಡಿಯಲ್ಲಿ ಡಾಕ್ಟರಾಗಿದ್ದ ಗೆಳೆಯನಲ್ಲಿಗೆ ಚಿಗವ್ವನನ್ನು ಕರೆದೊಯ್ದೆ. ಕಫ ತರಲೆಂದು ಅವನು ಕೊಟ್ಟ ಡಬ್ಬಿಯನ್ನು ಚಿಗವ್ವ ಬೂದಿ ಹಚ್ಚಿ ಬೆಳಗಿ, ಬಾಯಿ ಮುಕ್ಕಳಿಸಿ, ಲವಂಗ ಜಗಿದು, ತಿಳಿನೀರಿನಂಥ ಉಗುಳನ್ನು ಅದರಲ್ಲಿ ತಂದಳು. ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ನನಗೆ ಸಮಾಧಾನವಾಯಿತು, ಗೆಳೆಯನಿಗೆ ಆಗಲಿಲ್ಲ.

"ಇದು ಬರೇ ಉಗುಳೈತ್ರಿ ಅವ್ವಾರ. ಎದಿಯಾಗಿನ ಕಫ ಬೇಕು."

"ದೊಡ್ಡವರ ಕೈಯಾಗ ಅಂಥಾ ಹೊಲಸು ಹೆಂಗ ಕೊಡ್ಲಿ ಯಪ್ಪಾ?"

ಅವನು ನಗದೆ, ಅವಳ ಎದುರು ಕುಳಿತು ಬಿಡಿಸಿ ಹೇಳಿದ. ನಮ್ಮ ದೇಹದಲ್ಲಿ ಕಾವಲಿನ ಕಣಗಳಿವೆ. ರೋಗಾಣು ಕಂಡರೆ ನುಂಗಿ ಅರಗಿಸಿಕೊಳ್ಳುತ್ತವೆ. ಕ್ಷಯದ ರೋಗಾಣು ಮಾತ್ರ ಅರಗದೆ ಆ ಕಣದ ಹೊಟ್ಟೆಯಲ್ಲೇ ಬೆಳೆದು ನೂರ್ಮಡಿಯಾಗುತ್ತದೆ. ಕೊನೆಗೆ ನುಂಗಿದ ಕಣವೇ ಸತ್ತು ಒಡೆಯುತ್ತದೆ. ಹೊರಬಿದ್ದ ರೋಗಾಣುಗಳನ್ನು ನುಂಗಲು ಮತ್ತೊಂದು ಕಣ ಬಂದು ಅದೂ ಸಾಯುತ್ತದೆ. ಹೀಗೆ ಸತ್ತವುಗಳ ರಾಶಿ ಗಿಣ್ಣಿನಂತೆ ಮೆತ್ತಗಾಗಿ ಕಫದೊಡನೆ ಬರುತ್ತದೆ.

ಚಿಗವ್ವ ತಾನು ಬೆಳಗಿ ತಂದ ಡಬ್ಬಿಯನ್ನು ಕೈಗೆತ್ತಿಕೊಂಡಳು. "ನನ್ನ ಸಲುವಾಗಿ ಸತ್ತಾವ, ಅವನ್ನ ನಾ ಹೊಲಸು ಅಂದ್ನಲ್ಲೋ," ಎಂದಳು.

ಮರುದಿನ ಬೆಳಿಗ್ಗೆ ಅವಳು ಓಣಿಗೆಲ್ಲ ಕೇಳುವಂತೆ ಕೆಮ್ಮಿದಳು. ಗೆಳೆಯ ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದ: ಒಡೆದ ಕಣಗಳ ನೀಲಿ ಚೂರುಗಳು, ನಡುವೆ ಸಣ್ಣ ಸಣ್ಣ ಕೆಂಪು ಕಡ್ಡಿಗಳಂತೆ ಕ್ಷಯದ ರೋಗಾಣುಗಳು. ಅಷ್ಟು ಮಂದಿ ಸತ್ತ ಸುದ್ದಿ ಇಷ್ಟು ತಡವಾಗಿ ತಿಳಿಯಿತಲ್ಲ ಎಂದು ಅಳು ಬಂತು.

ಗೆಳೆಯ ಕೂಸನ್ನೂ ಪರೀಕ್ಷಿಸಿ, ಸದ್ಯ ಏನೂ ಇಲ್ಲವೆಂದ. ಚಿಗವ್ವ ಆ ದಿನವೇ ಮಗಳಿಗೆ, "ಇಕಿನ್ನ ನಿನ್ನ ಮನಿಗೆ ಒಯ್ಯಿ. ನಾ ಗುಣಾ ಆಗೂತನಾ ನನ್ನ ಕಡೆ ತರಬ್ಯಾಡ," ಎಂದಳು. ಬಸ್ಸು ಮರೆಯಾಗುವವರೆಗೂ ದೂರವೇ ನಿಂತಿದ್ದಳು.

ಸೂಜಿ, ಗುಳಿಗೆಗಳ ದೀರ್ಘ ವ್ರತ ಮುಗಿದು, ಇನ್ನು ಭಯವಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ಮಗಳು ಮತ್ತೆ ಬಂದಳು. ಆಗಲೇ ನಡೆಯುತ್ತಿದ್ದ ಮೊಮ್ಮಗಳು, ಎತ್ತಿಕೊಂಡ ಅಜ್ಜಿಯ ಗುರುತು ಸಿಗದೆ ಸೂರು ಹಾರಿಹೋಗುವಂತೆ ಚೀರಿದಳು. ನಾನು ಕೈಚಾಚಿದೆ. ಚಿಗವ್ವ ಕೊಡಲಿಲ್ಲ, ಕೂಸಿನ ಎದೆಗೆ ಕಿವಿಯಿಟ್ಟು ಕಣ್ಣು ಮುಚ್ಚಿದಳು.

"ಅಳ್ಲಿ ಬಿಡೋ," ಎಂದಳು, "ಎದಿ ಎಷ್ಟ ಗಟ್ಟಿ ಐತಿ ಕೇಳು."