ನೂಲು ಬಿಚ್ಚುತ್ತಾ ಚರಿತ್ರೆ ಹೇಳುವ ಲಾವಣ್ಯ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಶಿಡ್ಲಘಟ್ಟದ ಹಿಂಬದಿಯ ಬೀದಿಯೊಂದರಲ್ಲಿ ಗೂಡಿನಿಂದ ನೂಲು ಬಿಚ್ಚುವ ರೇಷ್ಮೆ ಫಿಲೇಚರ್‌ನಲ್ಲಿ ಆಗಲೇ ಒಲೆ ಹೊತ್ತಿದೆ. ತಗಡಿನ ಸೂರಿನ ಕೆಳಗೆ ಹಬೆ ತುಂಬಿಕೊಂಡಿದೆ. ಬಿಸಿನೀರಿನ ತೊಟ್ಟಿಯಲ್ಲಿ ತೇಲುವ ಗೂಡುಗಳನ್ನು ಲಾವಣ್ಯ ಬೆರಳಿನಿಂದ ತಡವಿ, ಎಳೆಯ ತುದಿ ಹುಡುಕಿ, ಮೇಲೆ ತಿರುಗುವ ರಾಟೆಗೆ ಸೇರಿಸುತ್ತಿದ್ದಾರೆ. ಕಣ್ಣು ಎಳೆಯ ಮೇಲಿದೆ, ಬಾಯಿಗೆ ಬೇರೆ ಕೆಲಸ. ಮುತ್ತಿಗೆ ಬಿದ್ದ ಕೋಟೆಯೊಂದರಲ್ಲಿ ಧಾನ್ಯ ಮುಗಿಯುತ್ತಾ ಬಂದದ್ದನ್ನು ಮೋಟಾರಿನ ಸದ್ದಿಗಿಂತ ಏರಿದ ದನಿಯಲ್ಲಿ, ತೆಲುಗಿನಲ್ಲಿ ಹೇಳುತ್ತಿದ್ದಾರೆ.

"ತರ್ವಾತ ಏಮಾಯ್ನೇ?" ಆಮೇಲೇನಾಯಿತು ಎಂದು ಪಕ್ಕದ ತೊಟ್ಟಿಯ ಅಮ್ಮಾಜಮ್ಮ ಕೇಳುತ್ತಾರೆ.

"ತಾಳಕ್ಕಾ, ಎಳೆ ಕಡಿದೋಯ್ತು," ಎಂದು ಲಾವಣ್ಯ ಕನ್ನಡಕ್ಕೆ ಹೊರಳಿ, ತುದಿ ಜೋಡಿಸಿ, ಮತ್ತೆ ತೆಲುಗಿಗೆ ಹೋಗುತ್ತಾರೆ.

ಇಲ್ಲಿನ ಹೆಂಗಸರಿಗೆ ಮನೆಮಾತು ತೆಲುಗು. ಲಾವಣ್ಯ ಓದುವುದು ಕನ್ನಡದಲ್ಲಿ. ರಾತ್ರಿ ಓದಿದ್ದನ್ನು ಬೆಳಿಗ್ಗೆ ಇನ್ನೊಂದು ಭಾಷೆಗೆ ತಿರುಗಿಸಿ ಹೇಳುವುದು ಅವರಿಗೆ ಈಗ ನೂಲು ಬಿಚ್ಚುವಷ್ಟೇ ರೂಢಿ.

ಮೂವತ್ತು ದಾಟಿರುವ ಲಾವಣ್ಯ ಚರಿತ್ರೆಯ ವಿದ್ಯಾರ್ಥಿ. ತಂದೆ ನಲ್ಲಪ್ಪ ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದರು. ತಾಯಿ ಗಂಗುಲಮ್ಮ ಇದೇ ತೊಟ್ಟಿಯ ಮುಂದೆ ಕೂತವರು. ಮಗಳು ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಗಂಗುಲಮ್ಮನಿಗೆ ಉಬ್ಬಸ ಹೆಚ್ಚಾಗಿ, ಹಬೆಯೊಳಗೆ ಕೂರಲು ಆಗದಾಯಿತು. "ಅಮ್ಮನ ಜಾಗ ಬೇರೆಯವರ ಪಾಲಾಗ್ತಿತ್ತು. ನಾನು ಬಂದು ಕೂತೆ. ಕಾಲೇಜಿಗೆ ಹೋಗಿ ಒಂದು ಮಾತು ಹೇಳಿ ಬರೋದಕ್ಕೂ ಮನಸ್ಸಾಗ್ಲಿಲ್ಲ," ಎನ್ನುತ್ತಾರೆ ಲಾವಣ್ಯ. ಡಿಗ್ರಿ ಮುಗಿದದ್ದು ಎಷ್ಟೋ ವರ್ಷದ ಮೇಲೆ, ದೂರಶಿಕ್ಷಣದಲ್ಲಿ. ಈಗ ಎಂ.ಎ. ಕೊನೆಯ ವರ್ಷ.

ಓದು ಮಾತ್ರ ನಡುವೆ ನಿಂತಿರಲಿಲ್ಲ. ಊಟದ ಹೊತ್ತಿನಲ್ಲಿ ಕೈ ಒರೆಸಿಕೊಂಡು, ಬೆರಳಿನ ತೇವ ಆರುವ ತನಕ ಕಾದು, ಆಮೇಲೆ ಪುಟ ತೆರೆಯುತ್ತಿದ್ದರು. ಒಂದು ದಿನ ಓದುತ್ತಾ ನಕ್ಕರಂತೆ. ಏನು ನಗು ಎಂದು ಅಮ್ಮಾಜಮ್ಮ ಕೇಳಿದರು. ದೂರದೇಶದ ಪ್ರವಾಸಿಯೊಬ್ಬ ಮೊದಲ ಸಲ ಮಾವಿನಹಣ್ಣು ತಿಂದು, ಅಂಗಿಯೆಲ್ಲ ರಸ ಮಾಡಿಕೊಂಡದ್ದನ್ನು ಲಾವಣ್ಯ ಹೇಳಿದರು. ಮರುದಿನ ಹೆಂಗಸರು ತಾವಾಗಿಯೇ ಕೇಳಿದರು, ಅವನು ಆಮೇಲೆ ಎಲ್ಲಿಗೆ ಹೋದ ಎಂದು.

ಅವರ ಪ್ರಶ್ನೆಗಳು ಸುಲಭದವಲ್ಲ. ಅಮ್ಮಾಜಮ್ಮನ ತವರು ಚಿಂತಾಮಣಿ ಕಡೆ, ಅಂಬಾಜಿದುರ್ಗದ ತಪ್ಪಲು. ಬೆಟ್ಟದ ಮೇಲಿನ ಕೋಟೆಗೆ ನೀರು ಹೊತ್ತವರು ಯಾರು, ದಂಡಿಗೆ ಅಡುಗೆ ಮಾಡಿದವರು ಯಾರು ಎಂದು ಅವರು ಕೇಳುತ್ತಾರೆ. "ಓದೋವಾಗ ನನಗೆ ಅದು ಹೊಳೆದೇ ಇರ್ಲಿಲ್ಲ. ಈಗ ಪುಸ್ತಕ ತೆಗೆದ್ರೆ ಮೊದಲು ಅದನ್ನೇ ಹುಡುಕ್ತೀನಿ. ಎಷ್ಟೋ ಸಲ ಸಿಗಲ್ಲ. ಸಿಗಲಿಲ್ಲ ಅಂತಾನೇ ಹೇಳ್ತೀನಿ. ನಾನಾಗಿ ಕಟ್ಟಿ ಸೇರಿಸಲ್ಲ," ಎನ್ನುತ್ತಾರೆ ಲಾವಣ್ಯ.

ಪುಸ್ತಕ ತರುತ್ತಿದ್ದದ್ದು ಸಂಘವೊಂದು ನಡೆಸುವ ಸಣ್ಣ ಪುಸ್ತಕಾಲಯದಿಂದ. ಎರಡು ವರ್ಷದ ಹಿಂದೆ ಅದೂ ತಪ್ಪಿತು. ಲಾವಣ್ಯ ಹಿಂತಿರುಗಿಸುವ ಪುಸ್ತಕಗಳಿಂದ ಗೂಡಿನೊಳಗೆ ಬೆಂದ ಹುಳುವಿನ ವಾಸನೆ ಬರುತ್ತದೆಂದು ಓದುಗರಿಬ್ಬರು ದೂರಿದ್ದರು. ಪುಸ್ತಕಾಲಯ ನೋಡಿಕೊಳ್ಳುವ ಕೋನಪ್ಪ ಅವರ ಕಾರ್ಡ್ ವಾಪಸ್ ತೆಗೆದುಕೊಂಡರು.

"ಅವತ್ತು ಮನೆಗೆ ಹೋಗಿ ಸೀಗೆಪುಡಿ ಹಾಕಿ ತಲೆ ತೊಳೆದೆ. ಕೈ ಉಜ್ಜಿದ್ದೇ ಉಜ್ಜಿದ್ದು. ಹುಳುವಿನ ವಾಸನೆ ಅಂದ್ರು, ಸರಿ. ಅದೊಂದೇನಾ, ಇಲ್ಲ ನಮ್ಮ ಕೇರಿ ಹೆಸರು ಕೇಳಿನೂ ಬಂತಾ ಅಂತ ಯೋಚನೆ ಬಂತು. ಕೇಳೋಕೆ ಹೋಗ್ಲಿಲ್ಲ. ಅಮ್ಮಂಗೂ ಹೇಳ್ಲಿಲ್ಲ," ಎನ್ನುವಾಗ ಲಾವಣ್ಯರ ದನಿ ಏರುವುದಿಲ್ಲ, ಇಳಿಯುವುದೂ ಇಲ್ಲ.

ಫಿಲೇಚರ್‌ನಲ್ಲಿ ಕಥೆ ನಿಂತದ್ದು, ಒಬ್ಬ ರಾಜಕುಮಾರ ಸ್ವಂತ ತಂದೆಯನ್ನು ಕೋಟೆಯೊಳಗೆ ಕೂಡಿಹಾಕಿದ ಜಾಗದಲ್ಲಿ. ಪುಸ್ತಕ ಮುಗಿಯಿತು ಎಂದು ಲಾವಣ್ಯ ಸುಳ್ಳು ಹೇಳಿದರು. ಯಾರೂ ನಂಬಲಿಲ್ಲ. "ಅಪ್ಪನ್ನ ಒಳಗೆ ಹಾಕಿ ಯಾರಾದ್ರೂ ಕಥೆ ಮುಗಿಸ್ತಾರಾ?" ಎಂದು ಅಮ್ಮಾಜಮ್ಮ ಬಿಡದೆ ಕೇಳಿ ಕೇಳಿ, ಕೊನೆಗೆ ನಡೆದದ್ದನ್ನು ಬಾಯಿ ಬಿಡಿಸಿದರು.

ಆ ವಾರದ ರಜೆಯಲ್ಲಿ ಫಿಲೇಚರ್‌ನ ಹೆಂಗಸರೆಲ್ಲ ಪುಸ್ತಕಾಲಯಕ್ಕೆ ಹೋದರು. ಬರಲೊಪ್ಪದ ಲಾವಣ್ಯರನ್ನೂ ಕರೆದೊಯ್ದರು. ತಮಗೆಲ್ಲ ಕಾರ್ಡ್ ಬೇಕು ಎಂದರು. ಓದು ಬರುತ್ತದೆಯೇ ಎಂದು ಕೋನಪ್ಪ ಕೇಳಿದರು. ಹೆಚ್ಚಿನವರಿಗೆ ಬರುವುದಿಲ್ಲ ಎಂದು ತಿಳಿದಾಗ, ಮತ್ತೆ ಕಾರ್ಡ್ ಯಾಕೆ ಎಂದರು.

"ನಮಗೆ ಓದಿ ಹೇಳೋಳು ಇದಾಳಪ್ಪ," ಎಂದರು ಅಮ್ಮಾಜಮ್ಮ. "ವಾಸನೆ ನಮ್ಮೆಲ್ಲರ ಮೈಯಲ್ಲೂ ಇದೆ. ಬರಬೇಡಿ ಅನ್ನೋದಾದ್ರೆ ಹಂಗಂತ ಬಾಗಿಲಲ್ಲಿ ಬರೆದು ಹಾಕು. ಅದನ್ನೂ ಇವಳ ಕೈಲೇ ಓದಿಸ್ಕೊಂಡು ಹೋಗ್ತೀವಿ."

ಕೋನಪ್ಪ ಬರೆದು ಹಾಕಲಿಲ್ಲ, ಎಲ್ಲರಿಗೂ ಕಾರ್ಡ್ ಕೊಟ್ಟರು. ಅವರನ್ನು ಈಗ ವಿಚಾರಿಸಿದರೆ ನೇರವಾಗಿಯೇ ಹೇಳುತ್ತಾರೆ. "ವಾಸನೆ ಇತ್ತು, ಇಲ್ಲ ಅನ್ನಲ್ಲ. ಈಗ ಆ ಪುಸ್ತಕಗಳನ್ನ ಬಿಸಿಲಿಗೆ ಹರವಿ ಕಪಾಟಿಗೆ ಇಡ್ತೀನಿ. ಅದನ್ನ ಮೊದಲೇ ಮಾಡಬಹುದಿತ್ತು. ದೂರು ಕೊಟ್ಟವರಲ್ಲಿ ಒಬ್ರು ಬರೋದು ಬಿಟ್ರು. ಚರಿತ್ರೆ ಕಪಾಟಿಗೆ ಈ ಹೆಂಗಸರು ಬಿಟ್ರೆ ಬೇರೆ ಯಾರೂ ಕೈ ಹಾಕಲ್ಲ."

ಎಲ್ಲರ ಕಾರ್ಡುಗಳ ಮೇಲೆ ಪುಸ್ತಕ ಸಿಗುವುದರಿಂದ ಲಾವಣ್ಯರ ಪರೀಕ್ಷೆಯ ಓದಿಗೂ ಅನುಕೂಲವಾಗಿದೆ. ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ರಟ್ಟಿನ ಡಬ್ಬಿಯಲ್ಲಿ ಪುಸ್ತಕಗಳು. ಗಂಗುಲಮ್ಮ ಅವುಗಳ ಮೇಲೆ ಹಳೆಯ ಸೀರೆ ಹೊದಿಸುತ್ತಾರೆ. "ಇನ್ನೊಬ್ಬರ ಪುಸ್ತಕ ನೋಡಿ, ಧೂಳು ಹಿಡಿಬಾರದು," ಎನ್ನುವುದು ಅವರ ಎಚ್ಚರಿಕೆ.

ಎಂ.ಎ. ಆದಮೇಲೆ ಏನು ಎಂಬ ಪ್ರಶ್ನೆಗೆ ಲಾವಣ್ಯರ ಉತ್ತರ ಸರಳ. ಪಾಠ ಹೇಳುವ ಕೆಲಸ ಸಿಕ್ಕರೆ ಹೋಗುತ್ತಾರೆ, ಸಿಗದಿದ್ದರೆ ಈ ತೊಟ್ಟಿ ಇದ್ದೇ ಇದೆ. ಆಸೆ ಎಂದು ಏನಾದರೂ ಇದೆಯೇ ಎಂದು ಒತ್ತಾಯಿಸಿದರೆ, ಎಳೆಯಿಂದ ಕಣ್ಣು ತೆಗೆಯದೆ ಇನ್ನೊಂದು ಗೂಡಿನ ತುದಿ ಹುಡುಕಿ ರಾಟೆಗೆ ಸೇರಿಸುತ್ತಾರೆ.

"ನನಗೆ ಯಾರೂ ಯಾವತ್ತೂ ಪುಸ್ತಕ ಓದಿ ಹೇಳಿಲ್ಲ," ಎನ್ನುತ್ತಾರೆ ಆಮೇಲೆ. "ಇಲ್ಲಿ ಒಬ್ಬರಾದ್ರೂ ಓದು ಕಲೀಬೇಕು. ಅವರು ಹೇಳ್ಬೇಕು, ನಾನು ಗೂಡು ನೋಡ್ಕೊಂಡು ಕೇಳ್ತಾ ಕೂತಿರ್ಬೇಕು. ಒಂದು ಬೆಳಿಗ್ಗೆ ಆದ್ರೂ ಸಾಕು."