ಅಪ್ಪನ ಸ್ನಾನಕ್ಕೊಂದು ಗಾಜಿನ ಬಾಗಿಲು

ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದದ್ದು ಒಂದು ಸೋಮವಾರ ಬೆಳಿಗ್ಗೆ. ಸ್ನಾನ ಮುಗಿಸಿ ಬರುವಾಗ ಕಮೋಡಿನ ಪಕ್ಕದ ಒದ್ದೆ ಟೈಲ್ಸ್ ಮೇಲೆ ಕಾಲಿಟ್ಟಿದ್ದರು. ಮೂಳೆ ಮುರಿಯಲಿಲ್ಲ. ಸೊಂಟದ ಮೇಲೆ ಅಂಗೈಯಗಲದ ನೀಲಿ ಕಲೆ ಎದ್ದು ಹದಿನೈದು ದಿನ ಉಳಿಯಿತು, ಅಷ್ಟೆ. ಅವರಿಗಿಂತ ಹೆಚ್ಚು ಹೆದರಿದವಳು ನಾನು. ಆಂಡರ್ಸನ್‌ಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುವುದು ನನ್ನ ಕೆಲಸ. ಅಂದಿನಿಂದ ಅಪ್ಪ ಸ್ನಾನಕ್ಕೆ ಹೋದರೆ ಸಾಕು, ಮೆಷಿನ್ ನಿಲ್ಲಿಸಿ ಕಿವಿಗೊಟ್ಟು ಕೂರುತ್ತಿದ್ದೆ. ನೀರು ಬೀಳುವ ಸದ್ದು ಒಂದು ಗಳಿಗೆ ನಿಂತರೂ ಎದ್ದು ಬಚ್ಚಲ ಬಾಗಿಲಿಗೆ ಹೋಗುತ್ತಿದ್ದೆ.

ಬಗ್ಗಿ ಬಕೆಟ್ಟಿನಿಂದ ನೀರು ಮೊಗೆಯಲು ಅವರಿಗೆ ಆಗುವುದಿಲ್ಲ ಎಂದು ಶವರ್ ಹಾಕಿಸಿದ್ದೆವು. ಅದರ ನೀರು ಬಚ್ಚಲಿನ ತುಂಬಾ ಹರಡುತ್ತಿತ್ತು. ಮೊದಲು ಪ್ಲಾಸ್ಟಿಕ್ ಪರದೆ ಕಟ್ಟಿ ನೋಡಿದೆವು. ಅದು ಮೈಗೆ ಅಂಟಿಕೊಳ್ಳುತ್ತದೆ, ಉಸಿರು ಕಟ್ಟಿದಂತಾಗುತ್ತದೆ ಎಂದು ಅಪ್ಪ ಎರಡನೆಯ ದಿನವೇ ಕಿತ್ತು ಹಾಕಿದರು. ಅವರು ಇದೇ ಊರಿನ ಮೈಸೂರು ಮೈನ್ಸ್‌ನಲ್ಲಿ ಚಿನ್ನದ ಗಣಿಯೊಳಗೆ ಕೆಲಸ ಮಾಡಿದವರು. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಯಾವ ಬಾಗಿಲಿಗೂ ಒಳಗಿನಿಂದ ಚಿಲಕ ಹಾಕುವುದಿಲ್ಲ. ಯಾಕೆ ಎಂದು ನಾವು ಯಾರೂ ಕೇಳಿರಲಿಲ್ಲ.

ಸ್ಲೈಡಿಂಗ್ ಗಾಜಿನ ಬಾಗಿಲು ಹಾಕಿಸೋಣ ಎಂದವರು ನನ್ನ ಗಂಡ. ಒಳಗಿದ್ದವರಿಗೆ ಎಲ್ಲ ಕಾಣುತ್ತದೆ, ಚಿಲಕದ ಗೊಡವೆಯಿಲ್ಲ, ಪಕ್ಕಕ್ಕೆ ತಳ್ಳಿದರೆ ಸರಿದುಕೊಳ್ಳುತ್ತದೆ, ಈಚೆಯ ನೆಲ ಒಣಗಿರುತ್ತದೆ ಎಂದರು. ಬಚ್ಚಲಲ್ಲಿ ಗಾಜು ಬೇಡವೇ ಬೇಡ ಎಂದೆ. ಹಾಗಾದರೆ ಮಾವ ಇನ್ನೊಂದು ಸಲ ಬೀಳಲಿ ಅಂತೀಯಾ ಎಂದು ಕೇಳಿದರು. ಅಂಗಡಿಗೆ ಹೋಗಿ ನೋಡಿಬರೋಣ ಎಂದೆ.

ಅಪ್ಪನನ್ನೂ ಕರೆದುಕೊಂಡು ಬಂಗಾರಪೇಟೆಯ ಒಂದು ಗಾಜಿನ ಅಂಗಡಿಗೆ ಹೋದೆವು. ಇದು ಮಾಮೂಲಿ ಗಾಜಲ್ಲ, ಟಫನ್ಡ್ ಗಾಜು ಎಂದು ಅಂಗಡಿಯವನು ವಿವರಿಸಿದ. ಚೆನ್ನಾಗಿ ಕಾಯಿಸಿ ಒಮ್ಮೆಲೇ ತಣ್ಣಗೆ ಮಾಡಿರುತ್ತಾರಂತೆ. ಒಳಗೆಲ್ಲ ಬಿಗಿ ತುಂಬಿಕೊಂಡಿರುತ್ತದೆ, ಆ ಬಿಗಿಯೇ ಅದರ ಬಲವಂತೆ. ನಡುವೆ ಗುದ್ದಿದರೂ ತಡೆದುಕೊಳ್ಳುತ್ತದೆ, ಅಂಚಿಗೆ ಮಾತ್ರ ಏಟು ಬೀಳಬಾರದು. ಒಡೆದರೂ ಚೂರಿಯಂಥ ಚೂರಾಗುವುದಿಲ್ಲ ಎಂದು, ಒಂದು ಬಾಟಲಿಯಿಂದ ಒಡೆದ ಗಾಜಿನ ಹರಳುಗಳನ್ನು ಅಂಗೈಗೆ ಸುರಿದುಕೊಂಡು ತೋರಿಸಿದ. ಕಲ್ಲುಸಕ್ಕರೆಯ ತುಂಡುಗಳಂತಿದ್ದವು. ಅಪ್ಪ ಅವನ್ನು ಮುಟ್ಟಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ.

“ಒಡೆಯೋಕೆ ಮುಂಚೆ ಏನಾರ ಸದ್ದು ಕೊಡ್ತದಾ?”

“ಇಲ್ಲ ಯಜಮಾನ್ರೇ. ಒಡೆದ್ರೆ ಒಂದೇ ಸಲ.”

ಅಪ್ಪ ತಲೆಯಾಡಿಸಿದರು. ಬಸ್ಸಿನಲ್ಲಿ ವಾಪಸು ಬರುವಾಗ, ಬೇಡವಾದರೆ ಬಿಡೋಣ ಎಂದು ನಾನು ಹೇಳಿದ್ದಕ್ಕೆ, ನನ್ನಿಂದ ನಿನಗೆ ದಿನಾ ದಿಗಿಲು, ಹಾಕಿಸಿಬಿಡು ಎಂದರು.

ಗಾಜು ತಯಾರಾಗಿ ಬರಲು ಎರಡು ವಾರ ಹಿಡಿಯಿತು. ಅದನ್ನು ಕೂರಿಸಲು ಬಂದವರು ಇಬ್ಬರು. ಒಬ್ಬ ರಾಬರ್ಟ್‌ಸನ್‌ಪೇಟೆಯ ಐವತ್ತರ ಆಸುಪಾಸಿನ ಫಿಟ್ಟರ್, ಇನ್ನೊಬ್ಬ ಅವನ ಭಾವಮೈದುನ. ತಮ್ಮತಮ್ಮಲ್ಲಿ ತಮಿಳು, ನನ್ನ ಜೊತೆ ಕನ್ನಡ. ರಸಮಟ್ಟ ಹಿಡಿದು ನೋಡಿದರೆ ನಮ್ಮ ಗೋಡೆ ನೆಟ್ಟಗಿರಲಿಲ್ಲ, ಕೆಳಗೆ ಬರುತ್ತಾ ಒಂದು ಬೆರಳಿನಷ್ಟು ಓರೆಯಾಗಿತ್ತು. ಈ ಗಾಜನ್ನು ಮನೆಗೆ ತಂದ ಮೇಲೆ ಕತ್ತರಿಸುವ ಹಾಗಿಲ್ಲ. ಫಿಟ್ಟರ್ ತಲೆ ಕೆರೆದುಕೊಂಡು, ಗಾಜು ಸರಿಯುವ ಮೇಲಿನ ಪಟ್ಟಿಯನ್ನು ಸ್ವಲ್ಪ ಸರಿಸಿ ಹೊಂದಿಸುತ್ತೇನೆ ಎಂದ.

ಒಂದು ಗಾಜನ್ನು ಗೋಡೆಗೆ ಭದ್ರವಾಗಿ ಕೂರಿಸಿದರು. ಇನ್ನೊಂದು ರೋಲರಿನ ಮೇಲೆ ಸರಿದಾಡಬೇಕಾದದ್ದು. ಅದನ್ನು ಇಬ್ಬರೂ ಎತ್ತಿ ತಂದು ಇಕ್ಕಟ್ಟಾದ ಬಚ್ಚಲಲ್ಲಿ ತಿರುಗಿಸುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಕೆಳಗಿಳಿಸುವಾಗ ಅದರ ಮೂಲೆ ಟೈಲ್ಸಿಗೆ ತಗುಲಿ ಟಿಕ್ ಎಂದಿತು. ಬಳೆಗೆ ಬಳೆ ತಾಗಿದಷ್ಟು ಸಣ್ಣ ಸದ್ದು. ಫಿಟ್ಟರ್ ಬಗ್ಗಿ ಆ ಮೂಲೆಯ ಮೇಲೆ ಬೆರಳಾಡಿಸಿದ, ಏನೂ ಹೇಳದೆ ಕೆಲಸ ಮುಂದುವರಿಸಿದ. ನಾನೂ ಏನೂ ಕೇಳಲಿಲ್ಲ. ಇಷ್ಟು ದೊಡ್ಡ ಗಾಜು ತಿರುಗಿ ಬಂಗಾರಪೇಟೆಗೆ ಹೋಗುವುದು, ಮತ್ತೆ ಎರಡು ವಾರ, ಮತ್ತೆ ಒದ್ದೆ ನೆಲ. ಅದನ್ನೆಲ್ಲ ಯೋಚಿಸಿ ನನಗೆ ಕೇಳಿಸಿಯೇ ಇಲ್ಲ ಎಂದುಕೊಂಡುಬಿಟ್ಟೆ.

ಸಂದುಗಳಿಗೆ ಹಾಕಿದ ಸಿಲಿಕಾನ್ ಅಂಟು ಒಣಗಲಿ ಎಂದು ಒಂದು ದಿನ ಬಿಟ್ಟು ಅಪ್ಪ ಸ್ನಾನ ಮಾಡಿದರು. ಈಚೆಯ ನೆಲಕ್ಕೆ ಒಂದು ಹನಿ ನೀರು ಬಂದಿರಲಿಲ್ಲ. ಮೂರು ವಾರ ಎಲ್ಲ ಸರಿಯಾಗಿತ್ತು. ಅವರು ಸ್ನಾನ ಮಾಡುವಾಗಲೂ ನಾನು ಹೊಲಿಯತೊಡಗಿದ್ದೆ.

ಆ ಗುರುವಾರ ಬೆಳಿಗ್ಗೆ ಎಂಟು ಗಂಟೆ ಇರಬಹುದು. ಬಂದೂಕು ಹಾರಿಸಿದಂಥ ಸದ್ದು, ಅದರ ಹಿಂದೆಯೇ ಲಾರಿಯಿಂದ ಜಲ್ಲಿ ಸುರಿದಂಥ ಸದ್ದು. ನಾನು ಕೂತಲ್ಲೇ ಮರಗಟ್ಟಿದೆ. ಚಿಕ್ಕಂದಿನಲ್ಲಿ ಗಣಿ ಕೆಲಸಗಾರರ ಸಾಲಿನಲ್ಲಿದ್ದ ನಮ್ಮ ಲೈನ್ ಮನೆಯ ಅಡಿಯಲ್ಲೆಲ್ಲೋ ಗಣಿಯ ಬಂಡೆ ಒತ್ತಡಕ್ಕೆ ತಾನಾಗಿ ಸಿಡಿದರೆ ಶೆಲ್ಫಿನ ಪಾತ್ರೆಗಳು ಅದುರುತ್ತಿದ್ದವು. ಹೆಂಗಸರೆಲ್ಲ ಹೊರಗೆ ಬಂದು ಗಣಿಗೆ ಇಳಿಯುವ ಷಾಫ್ಟಿನ ಕಡೆ ನೋಡುತ್ತಾ ನಿಲ್ಲುತ್ತಿದ್ದರು. ಅಮ್ಮ ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿಯುತ್ತಿದ್ದಳು. ಆ ಭಯವೇ ಈಗ ಕಾಲುಗಳನ್ನು ಕಟ್ಟಿಹಾಕಿತ್ತು. ಎದ್ದು ಓಡಲು ಎಷ್ಟು ಹೊತ್ತು ಬೇಕಾಯಿತೋ ಗೊತ್ತಿಲ್ಲ.

ಬಚ್ಚಲಿನ ಬಾಗಿಲು ತಳ್ಳಿದೆ. ಸರಿದಾಡುವ ಗಾಜು ಇರಲೇ ಇಲ್ಲ. ನೆಲದ ತುಂಬಾ ಹಸಿರು ಬಿಳುಪಿನ ಹರಳು. ಅಪ್ಪ ಶವರಿನ ಕೆಳಗೆ ಗೋಡೆಗೆ ಬೆನ್ನು ಒತ್ತಿಕೊಂಡು, ಎರಡೂ ಕೈ ತಲೆಯ ಮೇಲೆ ಅಡ್ಡ ಇಟ್ಟುಕೊಂಡು ನಿಂತಿದ್ದರು. ಸೊಂಟದಲ್ಲಿ ಒದ್ದೆ ಟವಲು. ನೀರು ಸುರಿಯುತ್ತಲೇ ಇತ್ತು. ಪಾದದ ಸುತ್ತ ನೀರು ಕೆಂಪಗಾಗಿತ್ತು. ನಾನು ಒಂದು ಹೆಜ್ಜೆ ಇಟ್ಟೆ.

“ಬರಬ್ಯಾಡ. ಅಲ್ಲೇ ನಿಂತ್ಕೋ,” ಎಂದರು. ದನಿ ಏರಿರಲಿಲ್ಲ.

“ಅಪ್ಪಾ, ರಕ್ತ ಬತ್ತಾ ಐತೆ.”

“ಬರ್ಲಿ. ಇನ್ನೊಂದು ಬತ್ತದೆ. ಅದು ಬಂದೋದ ಮ್ಯಾಲೆ ಬಾ.”

ಗೋಡೆಗೆ ಕೂರಿಸಿದ್ದ ಇನ್ನೊಂದು ಗಾಜಿನ ಬಗ್ಗೆ ಹೇಳುತ್ತಿದ್ದಾರೆ ಎಂದುಕೊಂಡೆ. ಆದರೆ ಅವರು ಅದನ್ನು ನೋಡುತ್ತಿರಲಿಲ್ಲ. ರೆಪ್ಪೆ ಮಿಟುಕಿಸದೆ ಸೂರನ್ನು ನೋಡುತ್ತಿದ್ದರು, ಕಿವಿ ಎಲ್ಲೋ ನೆಟ್ಟಿತ್ತು. ರಕ್ತ ಕಂಡಾಗ ಆಗದಷ್ಟು ಭಯ ಆಗ ನನಗಾಯಿತು. ಅವರು ನಮ್ಮ ಬಚ್ಚಲಲ್ಲಿ ಇರಲಿಲ್ಲ. ಅಲ್ಲಿಂದ ಹೇಗೆ ಕರೆತರುವುದು ಎಂದು ನನಗೆ ತಿಳಿಯಲಿಲ್ಲ. ಮುಟ್ಟಿದರೆ ಎಲ್ಲಿ ಗಾಬರಿಯಾಗಿ ಆ ಹರಳಿನ ಮೇಲೆ ಬೀಳುತ್ತಾರೋ ಎಂದು ಮುಂದೆ ಹೋಗಲೂ ಧೈರ್ಯವಿಲ್ಲ. ಗಂಡ ಕೆಲಸಕ್ಕೆ ಹೋಗಿಯಾಗಿತ್ತು.

“ಅಪ್ಪ, ಗಾಜು ಒಡೀತು. ಇದು ನಮ್ಮನೆ ಬಚ್ಲು,” ಎಂದೆ. ಅದನ್ನೇ ಮತ್ತೆ ಹೇಳಿದೆ. ನಾಲ್ಕೈದು ಸಲ ಹೇಳಿರಬೇಕು. ಕೊನೆಗೆ ಅವರು ತಲೆ ತಗ್ಗಿಸಿ ಕಾಲ ಬಳಿ ನೋಡಿದರು. ಒಂದು ಕೈ ಇಳಿಸಿ ತಾವೇ ನಲ್ಲಿ ನಿಲ್ಲಿಸಿದರು. ಗೊತ್ತು ಕಣಮ್ಮ ಎಂದರು.

ಪೊರಕೆಯಿಂದ ದಾರಿ ಮಾಡಿ, ಅದರ ಮೇಲೆ ಕಂಬಳಿ ಹಾಸಿ, ಚಪ್ಪಲಿ ಕೊಟ್ಟು ಕರೆತಂದೆ. ಆಟೋ ಹಿಡಿದು ಕ್ಲಿನಿಕ್ಕಿಗೆ ಹೋದೆವು. ಪಾದದಲ್ಲಿ ಮೂರು ಗಾಯ, ಮೊಣಕಾಲ ಕೆಳಗೆ ಒಂದು. ಆಳವಾದದ್ದು ಯಾವುದೂ ಇರಲಿಲ್ಲ. ನರ್ಸಮ್ಮ ಒಂದೊಂದೇ ಹರಳು ತೆಗೆದು ಸ್ಟೀಲ್ ಬಟ್ಟಲಿಗೆ ಹಾಕುತ್ತಿದ್ದರೆ ಅಪ್ಪ ಆ ಬಟ್ಟಲನ್ನೇ ನೋಡುತ್ತಿದ್ದರು.

ಮಧ್ಯಾಹ್ನ ಊಟವಾದ ಮೇಲೆ, ನಾನು ಕೇಳದೆಯೇ ಅವರು ಹೇಳಿದರು. ಒಮ್ಮೆ ಗಣಿಯಲ್ಲಿ ಬಂಡೆ ಸಿಡಿದು ಒಬ್ಬ ಸಿಕ್ಕಿಹಾಕಿಕೊಂಡಾಗ, ಎಳೆಯಲು ಓಡಿದ ಇಬ್ಬರ ಮೇಲೆ ಇನ್ನೊಂದು ಸಿಡಿತ ಬಿತ್ತಂತೆ. ಆಮೇಲೆ ಎಲ್ಲರೂ ಕಲಿತರು: ಒಂದು ಸಿಡಿದರೆ ಇನ್ನೊಂದಕ್ಕೆ ಕಾಯಬೇಕು. ಕೆಲವು ವರ್ಷದ ನಂತರ ಅಪ್ಪನ ಕಣ್ಣೆದುರೇ ಸಿಡಿಯಿತು. ಜೊತೆಯಲ್ಲಿ ಊಟದ ಕ್ಯಾರಿಯರ್ ಬಿಚ್ಚುತ್ತಿದ್ದ ಗೆಳೆಯ ಕಲ್ಲಿನ ಆ ಕಡೆ ಉಳಿದ.

“ಅವನು ನನ್ನ ಎಸರಿಡಿದು ಕೂಗ್ತಾ ಇದ್ದ. ನಾನು ಗ್ವಾಡೆಗೆ ಆತ್ಕೊಂಡು ನಿಂತೇ ಇದ್ದೆ. ಇನ್ನೊಂದು ಬತ್ತದೆ, ಬಂದ ಮ್ಯಾಲೆ ಓಗಾನ ಅಂತ.” ಕಾಲಿನ ಬ್ಯಾಂಡೇಜು ಸರಿಮಾಡಿಕೊಂಡು ಹೇಳಿದರು: “ಬರ್ಲೇ ಇಲ್ಲ ಕಣಮ್ಮ. ಅಷ್ಟೊತ್ಗೆ ಅವನು ಕೂಗೋದು ನಿಂತೋಗಿತ್ತು.”

ಅಮ್ಮನಿಗೂ ಇದನ್ನು ಹೇಳಿರಲಿಲ್ಲವಂತೆ. ನಾನು ನನ್ನ ಎದೆಯಲ್ಲಿ ಬೆಳಗಿನಿಂದ ಕೊರೆಯುತ್ತಿದ್ದುದನ್ನು ಹೇಳಿಬಿಟ್ಟೆ. ಗಾಜು ಇಳಿಸುವಾಗ ಮೂಲೆ ತಾಗಿದ್ದು ನನಗೆ ಕೇಳಿಸಿತ್ತು, ಸುಮ್ಮನಿದ್ದೆ ಎಂದೆ. ಅಪ್ಪ ಬೈಯಲಿಲ್ಲ. ನಿನಗೆ ಗಾಜಿನ ಕೆಲಸ ಗೊತ್ತಿಲ್ಲ, ನನಗೆ ಗಣಿ ಕೆಲಸ ಗೊತ್ತಿತ್ತು ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಅಲ್ಲೇ ಕೂತಿದ್ದೆ. ಅವರ ಬೆನ್ನು ಉಸಿರಿಗೆ ಏರಿಳಿಯುವುದನ್ನು ಸಂಜೆಯವರೆಗೆ ನೋಡಿದೆ.

ಮಾರನೆಯ ದಿನ ಫಿಟ್ಟರ್ ಬಂದ. ಮೂಲೆ ತಾಗಿದ ವಿಷಯ ನಾನೇ ಎತ್ತಿದೆ. ಅವನು ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಖಾಲಿ ಪಟ್ಟಿಯನ್ನು ನೋಡಿದ.

“ನನ್ಗೂ ಕೇಳ್ಸಿತ್ತು ಅಕ್ಕ. ಬೆರಳಿಗೆ ಒರಟು ಸಿಕ್ತು. ಏನೂ ಆಗಲ್ಲ ಅಂದ್ಕೊಂಡೆ.”

ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬರಬೇಕಿತ್ತೇನೋ. ಎಲ್ಲ ಕಿತ್ತುಕೊಂಡು ಹೋಗು ಎಂದೆ. ಅಪ್ಪ ಒಪ್ಪಲಿಲ್ಲ. ಹಾಕೋದಾದರೆ ಸರಿಯಾಗಿ ಹಾಕು, ನಾನೂ ನೋಡುತ್ತೇನೆ ಎಂದು ಅವನಿಗೆ ಹೇಳಿದರು.

ಎರಡು ವಾರದ ಮೇಲೆ ಹೊಸ ಗಾಜನ್ನು ಅವನೇ ತಂದ. ಈ ಸಲ ಓರೆ ಗೋಡೆಗೆ ತಕ್ಕಂತೆ ಅಳತೆ ತೆಗೆದಿದ್ದ, ಒಡೆದರೂ ಹರಳು ಉದುರದಂತೆ ಎರಡೂ ಕಡೆ ಪಾರದರ್ಶಕ ಹಾಳೆ ಅಂಟಿಸಿದ್ದ. ಅಪ್ಪ ಗಾಯ ಇನ್ನೂ ಪೂರ್ತಿ ಮಾಯದ ಕಾಲಲ್ಲೇ ಸ್ಟೂಲು ಹಾಕಿಕೊಂಡು ಬಚ್ಚಲ ಮುಂದೆ ಕೂತರು. ಮೂಲೆಗಳ ಕೆಳಗೆ ಗೋಣಿಚೀಲ ಮಡಿಸಿ ಇಡಿಸಿದರು. ಮೇಲೆತ್ತುವ ಮುನ್ನ ಕಣ್ಣು ಮುಚ್ಚಿಕೊಂಡು ನಾಲ್ಕೂ ಅಂಚಿನ ಮೇಲೆ ನಿಧಾನವಾಗಿ ಬೆರಳಾಡಿಸಿದರು. ಇಬ್ಬರು ಗಂಡಸರೂ ಗಾಜು ಹಿಡಿದು ಅವರು ಮುಗಿಸುವವರೆಗೆ ಕಾದರು.

ಅದಾಗಿ ಏಳೆಂಟು ತಿಂಗಳಾಯಿತು. ಬಾಗಿಲು ಚೆನ್ನಾಗಿದೆ. ಅಪ್ಪ ಅದನ್ನು ಪೂರ್ತಿ ಎಳೆದುಕೊಂಡು ಸ್ನಾನ ಮಾಡುತ್ತಾರೆ. ನನ್ನಿಂದ ಇನ್ನೂ ಆಗಿಲ್ಲ. ಅರ್ಧ ತೆರೆದೇ ನಿಲ್ಲುತ್ತೇನೆ. ಗಾಜಿನ ಅಂಚು ಕಣ್ಣಿಗೆ ಬಿದ್ದರೆ ಬೆನ್ನು ತಾನಾಗಿ ಗೋಡೆಗೆ ಒತ್ತಿಕೊಳ್ಳುತ್ತದೆ. ನೀರೆಲ್ಲ ಈಚೆಗೆ ಹಾರುತ್ತದೆ. ನಾನು ಹೊರಗೆ ಬಂದ ಮೇಲೆ ಅಪ್ಪ ಮಾಪು ತೆಗೆದುಕೊಂಡು ಹೋಗಿ ನೆಲ ಒರೆಸುತ್ತಾರೆ.