ಅಕ್ಕ ಮುಂದಿನ ಸೀಟಿಗೆ ಬಂದದ್ದು

ನಮ್ಮ ಕುಟುಂಬದಲ್ಲಿ ವಾಹನಗಳ ವಿಷಯ ಬಲ್ಲವನು ನಾನೊಬ್ಬನೇ. ನನ್ನ ಹತ್ತಿರ ಇರುವುದು ಒಂದು ಸ್ಕೂಟರ್, ಅದೂ ಬೆಳಿಗ್ಗೆ ಹತ್ತು ಒದೆ ತಿಂದ ಮೇಲೇ ಬಾಯಿ ಬಿಡುವಂಥದ್ದು ಎನ್ನುವುದು ಬೇರೆ ಮಾತು. ತಿಳಿವಳಿಕೆಗೂ ಒಡೆತನಕ್ಕೂ ಏನು ಸಂಬಂಧ? ಆದ್ದರಿಂದ ಪಿಕಪ್ ಕೊಳ್ಳಬೇಕೆಂದು ಭಾವ ಹೇಳಿ ಕಳಿಸಿದಾಗ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಹೋದೆ.

ಭಾವನದು ಗಾಜಿನ ಅಂಗಡಿ. ಕಿಟಕಿ, ಬಾಗಿಲು, ಷೋಕೇಸುಗಳಿಗೆ ಗಾಜು ಕತ್ತರಿಸಿ ಕೂರಿಸುವುದು ಅವರ ಕಸುಬು. ಆ ಗಾಜನ್ನು ಒಡೆಯದಂತೆ ತಲುಪಿಸುವುದು ಅಕ್ಕನ ಕಸುಬು. ಮದುವೆಯಾದ ಹೊಸದರಲ್ಲಿ ಬಾಡಿಗೆ ಗಾಡಿಯಲ್ಲಿ ಹೋದ ಕನ್ನಡಿಯೊಂದು ದಾರಿಯಲ್ಲೇ ಬಿರುಕು ಬಿಟ್ಟಿತಂತೆ. "ಹಿಂದೆ ಹಿಡ್ಕೊಳ್ಳೋಕೆ ಒಬ್ರಿದ್ದಿದ್ರೆ ಹೀಗಾಗ್ತಿರಲಿಲ್ಲ" ಎಂದು ಗಾಡಿಯವನು ಅಂದ. ಮರುದಿನ ಅಕ್ಕ ಗಾಡಿಯ ಹಿಂಭಾಗ ಹತ್ತಿ ಕೂತವಳು, ಅಲ್ಲಿಂದ ಇಳಿದದ್ದೇ ಇಲ್ಲ ಎನ್ನಬೇಕು. ಕ್ಯಾಬಿನ್ನಿಗೆ ಬೆನ್ನು ಆನಿಸಿ, ಹಿಂದಕ್ಕೆ ಮುಖ ಮಾಡಿ, ಎಡ ಭುಜವನ್ನು ಗಾಜಿಗೆ ಒತ್ತಿ ಕೂತರೆ ರಸ್ತೆಯ ಗುಂಡಿಗಳೆಲ್ಲ ಅವಳ ಭುಜಕ್ಕೆ ಲೆಕ್ಕ ಒಪ್ಪಿಸಿ ಹೋಗುತ್ತಿದ್ದವು. ಗಾಜಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ.

ಕೊನೆಗೊಂದು ದಿನ ತಲೆ ಬಾಚಲು ಎಡಗೈ ಏಳಲಿಲ್ಲ. ಡಾಕ್ಟರು ಒತ್ತಿ, ತಿರುಗಿಸಿ ನೋಡಿ, "ಇನ್ನೂ ಗಾಜಿಗೆ ಭುಜ ಕೊಟ್ಕೊಂಡು ಕೂತ್ರೆ ಈ ಕೈ ಇಷ್ಟಕ್ಕೇ ನಿಂತುಹೋಗುತ್ತಮ್ಮ" ಎಂದರು.

"ಗಾಜು ಒಡೆದ್ರೆ ಹೊಸದು ತರಬೇಕು ಡಾಕ್ಟ್ರೇ. ಭುಜ ತಾನಾಗೇ ಸರಿಹೋಗುತ್ತೆ" ಎಂದಳು ಅಕ್ಕ.

ಭಾವ ಆವತ್ತು ರಾತ್ರಿ ಊಟ ಬಿಟ್ಟರು. ಬೆಳಗಾಗುತ್ತಲೇ ನನಗೆ ಕರೆ ಬಂತು.

ಷೋರೂಮಿನಲ್ಲಿ ಟೈ ಕಟ್ಟಿದ ಯುವಕನೊಬ್ಬ ಅಕ್ಕ, ಭಾವ, ನಾನು ಮೂವರನ್ನೂ ಎದುರುಗೊಂಡ. "ಟಾರ್ಕ್ ಎಷ್ಟು?" ಎಂದು ನಾನು ಗಂಭೀರವಾಗಿ ಕೇಳಿದೆ. ಅವನು ಒಂದು ಸಂಖ್ಯೆ ಹೇಳಿದ. ಅದು ಹೆಚ್ಚೋ ಕಡಿಮೆಯೋ ನನಗೆ ಗೊತ್ತಿರಲಿಲ್ಲ. "ಪರವಾಗಿಲ್ಲ" ಎಂದೆ. ಆಮೇಲೆ ಅವನು ನನ್ನನ್ನೇ ನೋಡಿ ಮಾತಾಡತೊಡಗಿದ. ನಾನೂ ಆ ಗೌರವಕ್ಕೆ ತಕ್ಕಂತೆ ಟೈರುಗಳನ್ನು ಒದೆಯುತ್ತ ನಡೆದೆ.

ಚಿಕ್ಕ ಗಾಡಿ ಗಾಜಿನ ಭಾರಕ್ಕೇ ಕುಕ್ಕರಿಸುವಂತಿತ್ತು. ದೊಡ್ಡದು ನಮ್ಮ ಗಲ್ಲಿಯಲ್ಲಿ ತಿರುಗಿದರೆ ಎದುರುಮನೆಯ ಮೆಟ್ಟಿಲನ್ನೂ ಜೊತೆಗೆ ಕರೆದುಕೊಂಡು ಹೋಗುವಂಥದ್ದು. ಉಳಿದದ್ದು ಮಧ್ಯಮ ಗಾತ್ರದ ಪಿಕಪ್. ಅದರಲ್ಲಿ ಎರಡು ಬಗೆ: ಮುಂದೆ ಇಬ್ಬರಿಗಷ್ಟೇ ಸೀಟು, ಸರಕಿಗೆ ಉದ್ದನೆಯ ಜಾಗ, ಇಲ್ಲವೇ ಎರಡು ಸಾಲು ಸೀಟು, ಸರಕಿನ ಜಾಗ ಮೊಟಕು. ನಾನೂ ಟೈ ಕಟ್ಟಿದವನೂ ಒಂದೇ ದನಿಯಲ್ಲಿ ಉದ್ದದ್ದಕ್ಕೆ ಓಟು ಹಾಕಿದೆವು.

"ನನಗೆ ಎರಡು ಸಾಲಿಂದೇ ಬೇಕು" ಎಂದರು ಭಾವ.

ಕೂದಲೆಳೆಯಷ್ಟು ವ್ಯತ್ಯಾಸವಾದರೂ ಗಾಜನ್ನು ಪಕ್ಕಕ್ಕಿಡುವ ಮನುಷ್ಯ ಮೊಳಗಟ್ಟಲೆ ಜಾಗ ಬಿಟ್ಟುಕೊಡುತ್ತಿದ್ದಾರೆ! ನಾನು ಬಿಡಲಿಲ್ಲ. "ಭಾವ, ಗಾಜೆಲ್ಲ ಹೊರಗೆ ಚಾಚ್ಕೊಳ್ಳುತ್ತೆ."

"ಚಾಚ್ಕೊಳ್ಳಲಿ, ಕೆಂಪು ಬಟ್ಟೆ ಕಟ್ಟೋಣ. ನಾನು, ಕೆಲಸದವರು, ಇವಳು, ಎಲ್ಲರಿಗೂ ಒಳಗಡೆ ಜಾಗ ಇರಬೇಕು. ಒಂದು ಸೀಟು ಕಡಿಮೆ ಬಿದ್ರೂ ಸಾಕು, ಅದನ್ನೇ ನೆಪ ಮಾಡ್ಕೊಂಡು ನಿಮ್ಮಕ್ಕ ಹಿಂದಕ್ಕೆ ಹತ್ತುತಾಳೆ. ನಿನಗೆ ಟಾರ್ಕ್ ಗೊತ್ತಿರಬಹುದು ಕಣೋ, ನನಗೆ ಇವಳು ಗೊತ್ತು."

ಅಕ್ಕ ಗಾಡಿಗೆ ಒಂದು ಸುತ್ತು ಬಂದು, ಕ್ಯಾಬಿನ್ನಿನ ಹಿಂಗಾಜನ್ನು ಬೆರಳಿನಿಂದ ತಟ್ಟಿ ನೋಡಿದಳು. "ಈ ಕಿಟಕಿ ಸ್ವಲ್ಪ ಚಿಕ್ಕದಾಯ್ತು."

"ಮೇಡಂ, ಹಿಂದಿನ ಕಿಟಕಿ ನೋಡಿ ಯಾರೂ ಗಾಡಿ ತಗೊಳ್ಳಲ್ಲ."

"ನನ್ನ ಜೀವ ಎಲ್ಲ ಅದರಾಚೆ ಕೂತಿರುತ್ತಲ್ಲಪ್ಪ" ಎಂದಳು ಅಕ್ಕ.

ಗಾಡಿ ಬಂತು. ಭಾವ ವೆಲ್ಡಿಂಗ್‌ನವನನ್ನು ಕೂರಿಸಿಕೊಂಡು ಗಾಜು ನಿಲ್ಲಿಸಲು ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಅದಕ್ಕೆ ಹಳೆಯ ಟ್ಯೂಬಿನ ರಬ್ಬರ್ ಹೊದಿಸಿ, ಬಿಗಿಯುವ ಪಟ್ಟಿಗಳನ್ನೂ ಹಾಕಿಸಿದರು. ಭಾರ ಕಡಿಮೆಯಿದ್ದಾಗ ಗಾಡಿ ಕುಪ್ಪಳಿಸಬಾರದೆಂದು ಮರಳಿನ ಚೀಲಗಳನ್ನೂ ಹಾಸಿದರು. ಮೊದಲ ಸವಾರಿ ಕ್ಷೌರದಂಗಡಿಯೊಂದರ ಗೋಡೆಗನ್ನಡಿಗಳದ್ದು. ಅಕ್ಕ ಮುಂದೆ ಭಾವನ ಪಕ್ಕ ಕೂತಳು. ತಜ್ಞನ ನೆಲೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ.

ಗಲ್ಲಿ ದಾಟುವ ಮೊದಲೇ ಅಕ್ಕ ಪೂರ್ತಿ ಹಿಂದಕ್ಕೆ ತಿರುಗಿದ್ದಳು. "ತಲೆ ಬಗ್ಗಿಸೋ, ಕನ್ನಡಿ ಕಾಣ್ತಿಲ್ಲ." ಬಗ್ಗಿಸಿದೆ. "ಇನ್ನೂ ಸ್ವಲ್ಪ." ಹೀಗೆ ತಜ್ಞನ ಪ್ರಯಾಣ ಮೊಣಕಾಲುಗಳ ನಡುವೆ ಮುಖವಿಟ್ಟುಕೊಂಡು ಸಾಗಿತು.

"ನಿಲ್ಸಿ ರೀ, ಏನೋ ಸದ್ದು" ಎಂದಳು ಸ್ವಲ್ಪ ಹೊತ್ತಿಗೆ. ಇಳಿದುಹೋಗಿ ಕನ್ನಡಿಯ ಮೇಲೆ ಅಂಗೈಯಿಟ್ಟಳು, ಪಟ್ಟಿ ಎಳೆದು ನೋಡಿದಳು. ಬಿಗಿಯಲು ಏನೂ ಉಳಿದಿರಲಿಲ್ಲ. ಸದ್ದು ಮಾಡಿದ್ದು ನನ್ನ ಕಾಲಡಿಯ ನೀರಿನ ಬಾಟಲಿ. ವಾಪಸು ಬಂದು ಕೂತವಳ ಮುಖ ಸಪ್ಪಗಿತ್ತು.

"ಅಲ್ಲಾಡ್ತಾನೇ ಇಲ್ಲ. ಹಾಗಾದ್ರೆ ನಾನ್ಯಾಕೆ ಬಂದೆ?"

ಅವಳು ತಮಾಷೆಗೆ ಹೇಳಿದ್ದಲ್ಲ. ಭುಜ ನೋಯುವುದನ್ನಾದರೂ ಅವಳು ಸಹಿಸಿಯಾಳು, ಕೈ ಕಟ್ಟಿ ಕೂರುವುದನ್ನು ಸಹಿಸಳು. ಇವತ್ತು ಸುಮ್ಮನೆ ಕೂರಿಸಿದರೆ ನಾಳೆ ಖಂಡಿತ ಹಿಂದಕ್ಕೆ ಹತ್ತುತ್ತಾಳೆಂದು ಭಾವನಿಗೂ ಗೊತ್ತು. "ದಾರಿ ಹೇಳೋಕೆ ಬಂದಿದೀಯ" ಎಂದರು. "ಆ ಬೀದಿಗೆ ಗಾಜು ಹಿಡ್ಕೊಂಡು ನೀನು ಎಷ್ಟು ಸಲ ಹೋಗಿಲ್ಲ? ಹೇಳು, ಎಲ್ಲಿ ತಿರುಗಿಸ್ಲಿ?"

ಅಕ್ಕ ಮುಂದಕ್ಕೆ ನೋಡಿದಳು. ನೋಡಿಯೇ ನೋಡಿದಳು. "ಇದ್ಯಾವ ರಸ್ತೆ ರೀ?"

ಅವಳ ತಪ್ಪಲ್ಲ. ಇಷ್ಟು ವರ್ಷವೂ ಅವಳು ಊರನ್ನು ಕಂಡದ್ದು ಅದು ಹಿಂದೆ ಸರಿದ ಮೇಲೆಯೇ. ಎದುರಿನಿಂದ ಬರುವ ಬೀದಿಗಳು ಅವಳಿಗೆ ನೆಂಟರ ಮನೆಯ ಅಪರಿಚಿತ ಮಕ್ಕಳಂತೆ. ತಿರುವು ದಾಟಿದ ಮೇಲೆ ಹಿಂತಿರುಗಿ ನೋಡಿ "ಅಯ್ಯೋ, ಅದೇ ಕಣ್ರೀ" ಎನ್ನುವುದು, ಭಾವ ಗಾಡಿಯನ್ನು ಹಿಂದಕ್ಕೆ ತರುವುದು, ಹೀಗೆ ಸುತ್ತಿ ಸುತ್ತಿ ತಲುಪಿದೆವು. ಹಿಂದಕ್ಕೆ ತರುವಾಗ ಮಾತ್ರ ಅವಳ ಅಪ್ಪಣೆಗಳಲ್ಲಿ ಒಂದೂ ತಪ್ಪಲಿಲ್ಲ.

ಕ್ಷೌರದವನು ಬಾಗಿಲಲ್ಲೇ ನಿಂತಿದ್ದ. "ಬನ್ನಿ ಅಣ್ಣ. ಹೊರಡುವಾಗ ಬೋಳಿಸ್ಕೊಂಡು ಹೊರಟಿದ್ರೋ ಏನೋ, ಇಲ್ಲಿ ತಲುಪೋ ಹೊತ್ತಿಗೆ ಗಡ್ಡ ಬಂದಿದೆ. ಮೊದಲು ಕೂತ್ಕೊಳ್ಳಿ, ಕನ್ನಡಿ ಆಮೇಲೆ."

ಕನ್ನಡಿಗಳು ಒಂದು ಗೀರೂ ಇಲ್ಲದೆ ಗೋಡೆ ಸೇರಿದವು. ನಗುತ್ತಿದ್ದ ನಮ್ಮ ಜೊತೆ ಕೊನೆಗೆ ಅಕ್ಕನೂ ನಕ್ಕಳು. "ನಾಳೆಯಿಂದ ಸರಿಯಾಗಿ ಹೇಳ್ತೀನಿ. ಕಲೀಬೇಕು" ಎಂದಳು. ನಾಳೆಯಿಂದ ಎಂಬ ಆ ಒಂದು ಮಾತು ಕೇಳಿ ಭಾವ ಗೋಡೆಯತ್ತ ತಿರುಗಿ, ಬಿಗಿಯಾಗಿಯೇ ಇದ್ದ ಸ್ಕ್ರೂ ಒಂದನ್ನು ಬಹಳ ಹೊತ್ತು ಬಿಗಿದರು.

ಅಕ್ಕ ಕಲಿತಳು. ಯಾವ ರಸ್ತೆಯಲ್ಲಿ ಯಾವ ಹೊತ್ತಿಗೆ ಲಾರಿಗಳ ಕಾಟ, ಎಲ್ಲಿ ಗುಂಡಿ ಹೊಸದು, ಎಲ್ಲ ಈಗ ಅವಳ ಬಾಯಲ್ಲೇ. ಭಾವನಿಗೆ ದಿನವೂ ಬೈಗುಳ: "ಗೇರು ಹಾಕ್ತಿದೀರೋ, ಒನಕೇಲಿ ಕುಟ್ತಿದೀರೋ?" ಅವರು ಅದನ್ನು ಆಶೀರ್ವಾದದಂತೆ ಸ್ವೀಕರಿಸಿ ಭಾನುವಾರಗಳಂದು ಗಾಡಿಯನ್ನು ಸೋಪು ಹಾಕಿ ತೊಳೆಯುತ್ತಾರೆ. ಥ್ಯಾಂಕ್ಸ್ ಎನ್ನುವ ಮಾತು ಆ ಮನೆಯಲ್ಲಿ ಗಿರಾಕಿಗಳಿಗಷ್ಟೇ ಮೀಸಲು. ಆದರೆ ಮೊನ್ನೆ ನಾನು ಹೋದಾಗ ಅಕ್ಕ ಕನ್ನಡಿಯ ಮುಂದೆ ನಿಂತು ಎರಡೂ ಕೈಯೆತ್ತಿ ತಲೆ ಕಟ್ಟಿಕೊಳ್ಳುತ್ತಿದ್ದಳು. ಭಾವ ಒದ್ದೆ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬಟ್ಟೆಯ ನೀರೆಲ್ಲ ಅವರ ಕಾಲ ಮೇಲೇ ಇಳಿಯುತ್ತಿತ್ತು.

ಆವತ್ತೇ ಮೂವರೂ ಒಂದು ಮನೆಗೆ ಕಿಟಕಿ ಗಾಜು ಕೊಂಡೊಯ್ಯುತ್ತಿದ್ದೆವು. ಸಿಗ್ನಲ್ಲಿನಲ್ಲಿ ನಮ್ಮ ಮುಂದೆ ಒಂದು ಬಾಡಿಗೆ ಟೆಂಪೊ. ಅದರ ಹಿಂಭಾಗದಲ್ಲಿ ಕನ್ನಡಿ ಬಾಗಿಲಿನ ಬೀರುವೊಂದನ್ನು ತಬ್ಬಿಕೊಂಡು, ನಮ್ಮತ್ತ ಮುಖ ಮಾಡಿ ಒಬ್ಬ ಹೆಂಗಸು ಕೂತಿದ್ದಳು. ಹಸಿರು ದೀಪ ಬಂತು, ಟೆಂಪೊ ಕೆಮ್ಮುತ್ತ ಹೊರಟಿತು. ಭಾವ ಹಾರನ್ ಮೇಲೆ ಕೈಯಿಟ್ಟರು.

"ಬೇಡ ರೀ. ಹಿಂದೆ ಕೂತೋರಿಗೆ ಹಾರನ್ ನೇರ ಮುಖಕ್ಕೇ ಹೊಡೆದ ಹಾಗಿರುತ್ತೆ" ಎಂದಳು ಅಕ್ಕ. "ಸ್ವಲ್ಪ ಅಂತರ ಬಿಡಿ. ಹುಬ್ಬು ಗಂಟು ಹಾಕ್ಬೇಡಿ, ಅವಳಿಗೆ ನೀವು ಕಾಣ್ತೀರ."

ಭಾವ ಹುಬ್ಬು ಸಡಿಲಿಸಿದರು. ತುಸು ದೂರ ಹೋದ ಮೇಲೆ, "ನಮ್ಮ ತಿರುವು ಬಂತಲ್ಲೇ" ಎಂದರು.

"ಗೊತ್ತು. ಹೋಗ್ಲಿ ಬಿಡಿ. ನಾವು ತಿರುಗಿದ್ರೆ ಹಿಂದಿರೋ ಆ ಲಾರಿ ಅವಳ ಬೆನ್ನು ಹತ್ತುತ್ತೆ."

ಭಾವ ಗೇರು ಇಳಿಸಿದರು. ಲಾರಿಯವನು ನಮಗೆ ಹಾರನ್ ಹೊಡೆಯುತ್ತಲೇ ಇದ್ದ. ಟೆಂಪೊದ ಹೆಂಗಸು ಯಾವುದೋ ಮನೆಯೊಂದರ ಗೇಟಿನ ಮುಂದೆ ಇಳಿಯುವವರೆಗೂ ನಾವು ಅದೇ ನಿಧಾನದಲ್ಲಿ ಹಿಂದೆ ಹಿಂದೆಯೇ ಹೋದೆವು.